ಮಕ್ಕಳಿಗೆ ಪ್ರಾಣಿವಿಜ್ಞಾನದ ಪುಸ್ತಕ: ಮೊದಲ ಪ್ರಶ್ನೆಯಿಂದ ಅಚ್ಚಿನವರೆಗೆ

“ಪ್ರಾಣಿಗಳ ಬಗ್ಗೆ ಮಕ್ಕಳಿಗೊಂದು ಪುಸ್ತಕ ಬರೆಯಬೇಕೆಂದಿದ್ದೇನೆ, ಎಲ್ಲಿಂದ ಶುರು ಮಾಡಲಿ?” ಎಂದು ಓದುಗರು ಪದೇ ಪದೇ ಕೇಳುತ್ತಾರೆ. ಕೇಳುವವರಲ್ಲಿ ಎರಡು ಬಗೆ. ವಿಜ್ಞಾನ ಓದಿದವರಿಗೆ ಭಾಷೆಯ ಅಳುಕು, ಕಥೆ ಬರೆದು ಪಳಗಿದವರಿಗೆ ವಿಜ್ಞಾನದ ಅಳುಕು. ಕೆಲಸದ ಕ್ರಮ ಮಾತ್ರ ಇಬ್ಬರಿಗೂ ಒಂದೇ. ಬಾವಲಿಯ ಬಗ್ಗೆ ಪುಸ್ತಕ ಬರೆಯಹೊರಟಿದ್ದೇವೆ ಎಂದು ಇಟ್ಟುಕೊಂಡು ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ. ಬಾವಲಿಯ ಜಾಗದಲ್ಲಿ ನಿಮಗೆ ಇಷ್ಟವಾದ ಪ್ರಾಣಿಯನ್ನು ಕೂರಿಸಿಕೊಳ್ಳಿ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಇಲ್ಲಿ ಹೇಳುತ್ತಿರುವುದು ಕಥೇತರ ಬರಹದ ಬಗ್ಗೆ, ಅಂದರೆ ಕಲ್ಪಿಸಿದ ಸಂಗತಿ ಒಂದೂ ಇಲ್ಲದ ಬರಹದ ಬಗ್ಗೆ. “ನಾನು ಪುಟ್ಟ ಬಾವಲಿ, ನನ್ನ ಅಮ್ಮ ನನಗೆ ಹೀಗೆ ಹೇಳಿದಳು” ಎಂದು ಬರೆದ ತಕ್ಷಣ ನೀವು ಕಥೆಯ ಅಂಗಳಕ್ಕೆ ಕಾಲಿಟ್ಟಿರಿ. ಅದು ತಪ್ಪಲ್ಲ, ಆದರೆ ಅದು ಬೇರೆ ಪುಸ್ತಕ. ಎರಡನ್ನೂ ಬೆರೆಸಿದರೆ ಯಾವ ಸಾಲು ನಿಜ, ಯಾವುದು ಕಲ್ಪನೆ ಎಂದು ಮಗುವಿಗೆ ತಿಳಿಯುವುದಿಲ್ಲ.

ಬೇಕಾಗುವುದು ಇಷ್ಟು: ಒಳ್ಳೆಯ ಗ್ರಂಥಾಲಯದ ಅಥವಾ ಸಂಶೋಧನಾ ಪತ್ರಿಕೆಗಳ ಸಂಪರ್ಕ, ಸಾಲು ಸಾಲಿಗೂ ಆಧಾರ ಬರೆದಿಡಲು ಒಂದು ಕಡತ, ಆ ಪ್ರಾಣಿಯ ಅಧ್ಯಯನ ಮಾಡಿದ ಒಬ್ಬರಾದರೂ ತಜ್ಞರು, ಓದಿ ನೋಡಲು ನಾಲ್ಕೈದು ಮಕ್ಕಳು. ಇದೆಲ್ಲದಕ್ಕಿಂತ ಹೆಚ್ಚಾಗಿ ಬೇಕಾದದ್ದು ತಾಳ್ಮೆ, ಏಕೆಂದರೆ ಬರೆಯುವುದಕ್ಕೆ ಹಿಡಿಯುವ ಸಮಯದ ಹಲವು ಪಟ್ಟು ಓದುವುದಕ್ಕೆ ಹಿಡಿಯುತ್ತದೆ.

1. ಯಾವ ವಯಸ್ಸಿನ ಮಗು?

“5ರಿಂದ 12 ವರ್ಷದ ಎಲ್ಲ ಮಕ್ಕಳಿಗೆ” ಎಂಬ ಪುಸ್ತಕ ಯಾರಿಗೂ ಸಲ್ಲುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ, 3ರಿಂದ 6 ವರ್ಷದವರಿಗೆ ದೊಡ್ಡವರು ಓದಿ ಹೇಳುವ ಚಿತ್ರಪುಸ್ತಕ, ಅದರಲ್ಲಿ 500 ಪದ ಮೀರದ ಪಠ್ಯ. 6ರಿಂದ 9ರವರಿಗೆ ಅದರ ಎರಡು ಮೂರು ಪಟ್ಟು. 9 ದಾಟಿದವರು ಅಧ್ಯಾಯಗಳಿರುವ, ನಕ್ಷೆ ಮತ್ತು ಕೋಷ್ಟಕಗಳಿರುವ ಪುಸ್ತಕವನ್ನು ತಾವೇ ಓದುತ್ತಾರೆ. ಈ ಗೆರೆಗಳು ಅಲುಗಾಡುತ್ತವೆ, ಆದರೂ ಒಂದನ್ನು ಆರಿಸಿಕೊಳ್ಳದೆ ಮುಂದಿನ ಹಂತಕ್ಕೆ ಹೋಗಬೇಡಿ. ನಮ್ಮ ಬಾವಲಿ ಪುಸ್ತಕ 7–8 ವರ್ಷದವರಿಗೆ ಎಂದುಕೊಳ್ಳೋಣ.

2. ವಿಷಯ ಸಾಲದು, ಪ್ರಶ್ನೆ ಬೇಕು

“ಬಾವಲಿಗಳು” ಎಂಬುದು ವಿಷಯ. ವಿಶ್ವಕೋಶ ಅದನ್ನು ನಿಮಗಿಂತ ಚೆನ್ನಾಗಿ ಮಾಡುತ್ತದೆ. “ಕಗ್ಗತ್ತಲಲ್ಲಿ ಬಾವಲಿ ಯಾವುದಕ್ಕೂ ಡಿಕ್ಕಿ ಹೊಡೆಯದೆ ಹೇಗೆ ಹಾರುತ್ತದೆ?” ಎಂಬುದು ಪುಸ್ತಕವಾಗಬಲ್ಲ ಪ್ರಶ್ನೆ. ಅದು ಮಗುವನ್ನು ಮುಂದಿನ ಪುಟಕ್ಕೆ ಎಳೆಯುತ್ತದೆ. ಯಾವ ಸಂಗತಿ ಒಳಗಿರಬೇಕು, ಯಾವುದು ಹೊರಗಿರಬೇಕು ಎಂದು ಸೋಸುವ ಜರಡಿಯೂ ಅದೇ.

ಈ ಜರಡಿ ಹಿಡಿಯುವುದು ಕಷ್ಟದ ಕೆಲಸ. ಸುಮಾರು 7 ಗ್ರಾಂ ತೂಗುವ ಬ್ರಾಂಟ್ ಬಾವಲಿ ಸೈಬೀರಿಯಾದಲ್ಲಿ 41 ವರ್ಷ ಬದುಕಿದ್ದ ದಾಖಲೆಯಿದೆ. ಎಷ್ಟು ಚೆಲುವಾದ ಸಂಗತಿ! ಆದರೆ ಅದು ಕತ್ತಲಲ್ಲಿ ಹಾರುವ ಪ್ರಶ್ನೆಗೆ ಉತ್ತರವಲ್ಲ. ಅದನ್ನು ಇನ್ನೊಂದು ಪುಸ್ತಕಕ್ಕೆ ಎತ್ತಿಡಿ. ಹಸ್ತಪ್ರತಿಗಳನ್ನು ಹಾಳು ಮಾಡುವುದು ಅಜ್ಞಾನಕ್ಕಿಂತ ಹೆಚ್ಚಾಗಿ ಈ ಆಸೆಯೇ: ಕಂಡುಕೊಂಡದ್ದನ್ನೆಲ್ಲ ತುರುಕುವ ಆಸೆ.

ನಿಮ್ಮ ಪ್ರಶ್ನೆಯ ಪಕ್ಕದಲ್ಲೇ ಇನ್ನೊಂದನ್ನು ಬರೆದುಕೊಳ್ಳಿ: “ಇದು ಮನುಷ್ಯರಿಗೆ ಹೇಗೆ ಗೊತ್ತಾಯಿತು?” ನನ್ನ ಮಟ್ಟಿಗೆ ಪ್ರಾಣಿವಿಜ್ಞಾನದ ಪುಸ್ತಕವನ್ನು ಅಚ್ಚರಿಗಳ ಪಟ್ಟಿಯಿಂದ ಬೇರ್ಪಡಿಸುವುದು ಈ ಪ್ರಶ್ನೆಯೊಂದೇ. 1790ರ ದಶಕದಲ್ಲಿ ಇಟಲಿಯ ಲಾಝಾರೊ ಸ್ಪಲಾಂಝಾನಿ ಎಂಬ ವಿಜ್ಞಾನಿ, ಬಾವಲಿಗಳು ಕಣ್ಣು ಕಾಣದಿದ್ದರೂ ಅಡೆತಡೆ ತಪ್ಪಿಸಿ ಹಾರುವುದನ್ನು ತೋರಿಸಿದರು. ಅದೇ ಕಾಲದಲ್ಲಿ ಲೂಯಿ ಜುರೀನ್ ಎಂಬವರು ಬಾವಲಿಗಳ ಕಿವಿ ಮುಚ್ಚಿ ನೋಡಿದರೆ ಅವು ಡಿಕ್ಕಿ ಹೊಡೆದವು. ಕಣ್ಣಲ್ಲ, ಕಿವಿ! ಆದರೆ ಮನುಷ್ಯರ ಕಿವಿಗೆ ಅಲ್ಲಿ ಯಾವ ಸದ್ದೂ ಕೇಳುತ್ತಿರಲಿಲ್ಲ. ಸುಮಾರು ಒಂದೂವರೆ ಶತಮಾನದ ಬಳಿಕ, 1938ರಲ್ಲಿ, ಹಾರ್ವರ್ಡ್‌ನ ಡೊನಾಲ್ಡ್ ಗ್ರಿಫಿನ್ ಮತ್ತು ಭೌತವಿಜ್ಞಾನಿ ಪಿಯರ್ಸ್ ನಮಗೆ ಕೇಳಿಸದಷ್ಟು ತಾರವಾದ ಸದ್ದನ್ನು ಹಿಡಿಯುವ ಯಂತ್ರದ ಮುಂದೆ ಬಾವಲಿಗಳನ್ನು ಇಟ್ಟರು. ಮೌನವೆಂದುಕೊಂಡಿದ್ದ ಪ್ರಾಣಿ ಕೂಗುತ್ತಿತ್ತು. ಪತ್ತೇದಾರಿ ಕಥೆಗೆ ಬೇಕಾದ ಎಲ್ಲವೂ ಇಲ್ಲಿದೆ, ಒಂದಕ್ಷರ ಕಲ್ಪಿಸಬೇಕಾಗಿಲ್ಲ.

3. ಆಧಾರ ಹುಡುಕುವುದು

ಹೊಸಬರು ಹೆಚ್ಚು ಎಡವುವುದು ಇಲ್ಲಿ. ಹತ್ತು ಕಡೆ ಕಂಡ ಸಂಗತಿ ನಿಜವಿರಲೇಬೇಕು ಎಂದುಕೊಳ್ಳುತ್ತಾರೆ. ಹತ್ತೂ ಕಡೆಯವರು ಒಂದೇ ಕಡೆಯಿಂದ ನಕಲು ಮಾಡಿರಬಹುದು. ಕೃತಕ ಬುದ್ಧಿಮತ್ತೆಯ ಉಪಕರಣಗಳು ಕೊಡುವ ಉತ್ತರಕ್ಕೂ ಈ ಮಾತು ಅನ್ವಯಿಸುತ್ತದೆ.

“ಒಂದು ಬಾವಲಿ ಗಂಟೆಗೆ ಸಾವಿರ ಸೊಳ್ಳೆ ತಿನ್ನುತ್ತದೆ” ಎಂಬ ಮಾತನ್ನು ನೀವು ಓದಿರುತ್ತೀರಿ. ಇದರ ಜಾಡು ಹಿಡಿದು ಹಿಂದೆ ಹೋದರೆ 1960ರ ಒಂದು ಪ್ರಯೋಗ ಸಿಗುತ್ತದೆ. ಮುಚ್ಚಿದ ಕೋಣೆಯಲ್ಲಿ ಕೀಟಗಳನ್ನು ಬಿಟ್ಟು, ಸ್ವಲ್ಪ ಹೊತ್ತು ಬೇಟೆಯಾಡಿದ ಬಾವಲಿಯ ತೂಕ ಎಷ್ಟು ಹೆಚ್ಚಿತು ಎಂದು ನೋಡಿದ್ದರು. ಆ ಕೆಲವೇ ನಿಮಿಷಗಳ ಲೆಕ್ಕವನ್ನು ಮುಂದಿನವರು ಗಂಟೆಗೆ ಹಿಗ್ಗಿಸಿದರು, ಕೋಣೆಯಿಂದ ಬಯಲಿಗೂ ಒಯ್ದರು. ಬಯಲಿನ ಬಾವಲಿ ಪತಂಗ, ಜೀರುಂಡೆ ಮುಂತಾದ ಹಲವು ಕೀಟಗಳನ್ನು ತಿನ್ನುತ್ತದೆ.

ಆದ್ದರಿಂದ ಸಂಖ್ಯೆಯಿರುವ ಪ್ರತಿಯೊಂದು ಸಾಲಿಗೂ, ಅದನ್ನು ಅಳೆದವರು ಯಾರು, ಎಲ್ಲಿ, ಹೇಗೆ ಎಂದು ಕೇಳಿ. ಹುಡುಕಾಟದ ಕ್ರಮ ಹೀಗಿರಲಿ: ಮೊದಲು ಆ ಪ್ರಾಣಿಗುಂಪಿನ ಬಗ್ಗೆ ತಜ್ಞರು ಬರೆದ ಪಠ್ಯಪುಸ್ತಕ, ಆಮೇಲೆ ಸಮೀಕ್ಷಾ ಪ್ರಬಂಧ, ಅಂದರೆ ಒಂದು ವಿಷಯದ ಹಲವು ಸಂಶೋಧನೆಗಳನ್ನು ಒಟ್ಟಿಗೆ ತೂಗಿ ನೋಡಿದ ಬರಹ, ಕೊನೆಗೆ ನಿಮ್ಮ ಮುಖ್ಯ ಸಂಗತಿಗಳಿಗೆ ಮೂಲ ಪ್ರಬಂಧ, ಅಂದರೆ ಅಳೆದವರೇ ಬರೆದದ್ದು. ಪ್ರಾಣಿಯ ಉಳಿವಿನ ಸ್ಥಿತಿಗೆ ಐಯುಸಿಎನ್‌ನ, ಅಂದರೆ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ, ಕೆಂಪು ಪಟ್ಟಿ ನೋಡಿ. ಅದು ಆಗಾಗ ಬದಲಾಗುವುದರಿಂದ ನೋಡಿದ ದಿನಾಂಕವನ್ನೂ ಬರೆದಿಡಿ.

ಹಳೆಯ ಪಾಠವೂ ಬದಲಾಗುತ್ತದೆ. ಮರಕುಟಿಗದ ತಲೆಬುರುಡೆ ಹೊಡೆತದ ಅದುರುವಿಕೆಯನ್ನು ಹೀರಿಕೊಳ್ಳುತ್ತದೆ ಎಂದು ಎಷ್ಟೋ ಮಕ್ಕಳ ಪುಸ್ತಕಗಳು ಹೇಳುತ್ತವೆ. ಅತಿವೇಗದ ಕ್ಯಾಮೆರಾದಲ್ಲಿ ಹಕ್ಕಿಗಳನ್ನು ಸೆರೆಹಿಡಿದ 2022ರ ಅಧ್ಯಯನವೊಂದು ಬುರುಡೆ ಗಟ್ಟಿ ಸುತ್ತಿಗೆಯಂತೆ ಕೆಲಸ ಮಾಡುತ್ತದೆ ಎಂದು ತೋರಿಸಿತು. ಹೊಡೆತವನ್ನು ಹೀರಿಕೊಂಡರೆ ಕುಟ್ಟುವ ಬಲವೇ ನಷ್ಟವಾಗುತ್ತಿತ್ತು. ತೋಳಗಳ ಗುಂಪಿಗೆ ಕಾದಾಡಿ ಗೆದ್ದ “ನಾಯಕ ತೋಳ” ಇರುತ್ತದೆಂಬ ಕಲ್ಪನೆ ಬಂದದ್ದು, ಪರಸ್ಪರ ಸಂಬಂಧವಿಲ್ಲದ ತೋಳಗಳನ್ನು ಒಟ್ಟಿಗೆ ಕೂಡಿಹಾಕಿ ನೋಡಿದ್ದರಿಂದ. ಆ ಮಾತನ್ನು ಒಂದು ಕಾಲಕ್ಕೆ ಜನಪ್ರಿಯಗೊಳಿಸಿದ ಡೇವಿಡ್ ಮೆಕ್ ಅವರೇ 1999ರಲ್ಲಿ, ಕಾಡಿನ ಗುಂಪು ಸಾಮಾನ್ಯವಾಗಿ ತಂದೆ, ತಾಯಿ, ಮರಿಗಳ ಸಂಸಾರ ಎಂದು ತಿದ್ದಿದರು. ಇಂಥ ತಿದ್ದುಪಡಿಗಳನ್ನು ಮಕ್ಕಳಿಂದ ಬಚ್ಚಿಡಬೇಡಿ. “ಹಿಂದೆ ಹೀಗೆ ತಿಳಿದಿದ್ದರು, ಅಳೆದು ನೋಡಿದಾಗ ಬೇರೆಯೇ ಕಂಡಿತು” ಎಂಬ ಪುಟಕ್ಕಿಂತ ಒಳ್ಳೆಯ ವಿಜ್ಞಾನಪಾಠ ನನಗೆ ಗೊತ್ತಿಲ್ಲ.

ಎಚ್ಚರಿಕೆ: “ಎಲ್ಲ”, “ಎಂದಿಗೂ”, “ಮಾತ್ರ” ಎಂಬ ಪದಗಳ ಕೆಳಗೆ ಗೆರೆ ಎಳೆಯಿರಿ. “ಬಾವಲಿಗಳೆಲ್ಲ ಮಾರ್ದನಿ ಕೇಳಿ ದಾರಿ ಕಂಡುಕೊಳ್ಳುತ್ತವೆ” ಎಂಬ ಸಾಲು ತಪ್ಪು. ಬಾವಲಿಗಳಲ್ಲಿ 1,400ಕ್ಕೂ ಹೆಚ್ಚು ಪ್ರಭೇದಗಳಿವೆ. ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ ಬಹುಪಾಲು ಕಣ್ಣು ಮತ್ತು ಮೂಗನ್ನು ನೆಚ್ಚಿಕೊಂಡಿವೆ. ಅವುಗಳಲ್ಲೇ ರೂಸೆಟಸ್ ಕುಲದವು ನಾಲಿಗೆಯಿಂದ ಟಕ್ ಟಕ್ ಸದ್ದು ಮಾಡಿ ಮಾರ್ದನಿ ಕೇಳುತ್ತವೆ. “ಎಲ್ಲ” ಇದ್ದಲ್ಲಿ “ಬಹಳಷ್ಟು” ಎಂದು ಬರೆದರೆ ಸಾಲು ನಿಜವಾಗುತ್ತದೆ, ಮಗುವಿಗೆ ಹೊರೆಯೂ ಆಗುವುದಿಲ್ಲ.

4. ಪುಟಗಳ ನಕ್ಷೆ

ಅಚ್ಚಿನ ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸುವುದರಿಂದ ಚಿತ್ರಪುಸ್ತಕದ ಪುಟಗಳು 24, 32, 48 ಹೀಗೆ ಎಂಟರ ಗುಣಕಗಳಲ್ಲಿ ಬರುತ್ತವೆ. 32 ಹೆಚ್ಚು ಬಳಕೆಯಲ್ಲಿದೆ. ಶೀರ್ಷಿಕೆ, ಹಕ್ಕುಗಳ ವಿವರ ಇತ್ಯಾದಿ ಕಳೆದರೆ ನಿಮಗೆ ಉಳಿಯುವುದು 12ರಿಂದ 14 ಜೋಡಿಪುಟ. ತೆರೆದಿಟ್ಟಾಗ ಎದುರುಬದುರಾಗಿ ಕಾಣುವ ಎರಡು ಪುಟಗಳೇ ಜೋಡಿಪುಟ.

ಬರೆಯುವ ಮೊದಲು ಒಂದು ಹಾಳೆಯಲ್ಲಿ ಅಷ್ಟು ಚೌಕಗಳನ್ನು ಎಳೆದು, ಪ್ರತಿ ಚೌಕದಲ್ಲೂ ಒಂದೇ ಸಾಲು ಬರೆಯಿರಿ: ಇಲ್ಲಿ ಮಗು ಏನು ತಿಳಿಯುತ್ತದೆ, ಏನು ನೋಡುತ್ತದೆ. ಒಂದು ಚೌಕದಲ್ಲಿ ಎರಡು ಹೊಸ ವಿಚಾರ ಬಂದರೆ ಒಂದನ್ನು ಸರಿಸಿ. ಪ್ರಶ್ನೆಯನ್ನು ಬಲಪುಟದ ಕೊನೆಗೆ ಇಟ್ಟು, ಉತ್ತರವನ್ನು ಹಾಳೆ ತಿರುಗಿಸಿದ ಮೇಲೆ ಕೊಡಿ. ಜುರೀನ್ ಕಿವಿ ಮುಚ್ಚುವುದು ಬಲಪುಟದಲ್ಲಿ. ಏನಾಯಿತೆಂಬುದು ಮುಂದಿನ ಪುಟದಲ್ಲಿ.

ಪದಕೋಶ, ಲೇಖಕರ ಮಾತು, ನೋಡಿ ಮಾಡಬಹುದಾದ ಒಂದು ಚಟುವಟಿಕೆ ಕೊನೆಯ ಪುಟಗಳಿಗೆ. ಚಟುವಟಿಕೆ ಪ್ರಾಣಿಯನ್ನು ಮುಟ್ಟುವಂಥದ್ದಾಗಲಿ, ಹಿಡಿದಿಡುವಂಥದ್ದಾಗಲಿ ಆಗಿರಬಾರದು. ಬಾವಲಿಯನ್ನಂತೂ ಬರಿಗೈಯಲ್ಲಿ ಮುಟ್ಟಲೇಬಾರದು, ಅದು ಕಚ್ಚಿದರೆ ರೇಬಿಸ್ ತಗಲುವ ಅಪಾಯವಿದೆ. ಈ ಮಾತನ್ನು ಹೆದರಿಸದೆ, ಸ್ಪಷ್ಟವಾಗಿ ಪುಸ್ತಕದಲ್ಲೇ ಬರೆಯಿರಿ.

5. ಬರವಣಿಗೆ

ಪಾರಿಭಾಷಿಕ ಪದಕ್ಕೆ, ಅಂದರೆ ಶಾಸ್ತ್ರದವರು ಬಳಸುವ ವಿಶೇಷ ಪದಕ್ಕೆ, ಒಂದು ಸರಳ ನಿಯಮ: ಮೊದಲು ಸಂಗತಿ, ಆಮೇಲೆ ಹೆಸರು. “ಪ್ರತಿಧ್ವನಿ ಸ್ಥಾನನಿರ್ಣಯ ಎಂದರೆ...” ಎಂದು ಆರಂಭಿಸಿದರೆ ಮಗು ಪುಸ್ತಕ ಮುಚ್ಚುತ್ತದೆ. ಬದಲಿಗೆ ಹೀಗೆ ಬರೆದು ನೋಡಿ: “ಬಾವಲಿ ಕೂಗುತ್ತದೆ. ಕೂಗು ಪತಂಗಕ್ಕೆ ತಾಗಿ ಮರಳುತ್ತದೆ. ಬೇಗ ಮರಳಿದರೆ ಪತಂಗ ಹತ್ತಿರವಿದೆ. ತಡವಾದರೆ ದೂರವಿದೆ. ಹೀಗೆ ಮಾರ್ದನಿಯಿಂದ ಜಾಗ ತಿಳಿಯುವುದಕ್ಕೆ ಒಂದು ಹೆಸರಿದೆ.” ಈಗ ಹೆಸರು ಹೇಳಿ, ಎಷ್ಟು ಉದ್ದವಿದ್ದರೂ ಮಗು ಅದನ್ನು ಚಪ್ಪರಿಸಿ ಉಚ್ಚರಿಸುತ್ತದೆ. ಕಷ್ಟದ ಪದಗಳನ್ನು ಪೂರ್ತಿ ತೆಗೆದುಹಾಕುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಡೈನೋಸಾರ್‌ಗಳ ಹೆಸರುಗಳನ್ನು ಬಾಯಿಪಾಠ ಹೇಳುವ ಮಕ್ಕಳಿಗೆ ದೊಡ್ಡ ಪದದ ಭಯವಿಲ್ಲ.

ಒಂದು ಪ್ರಾಣಿಗೆ ಹಲವು ಹೆಸರಿದ್ದರೆ ಒಂದನ್ನು ಆರಿಸಿ ಕೊನೆಯವರೆಗೂ ಅದನ್ನೇ ಬಳಸಿ. ಚಿಟ್ಟೆಯ ಬಗ್ಗೆ ಬರೆಯುವಾಗ ಮರಿಹುಳು, ಪೊರೆಹುಳು, ಗೂಡು ಇವು ಕಲಸಿಹೋಗುವುದನ್ನು ಎಷ್ಟೋ ಹಸ್ತಪ್ರತಿಗಳಲ್ಲಿ ಕಂಡಿದ್ದೇನೆ. ಹುಳು ತನ್ನ ಸುತ್ತ ರೇಷ್ಮೆಯ ಎಳೆಯಿಂದ ನೇಯುವುದು ಗೂಡು, ಇದು ಬಹಳಷ್ಟು ಪತಂಗಗಳಲ್ಲಿ ಕಾಣುತ್ತದೆ. ಚಿಟ್ಟೆಗಳಲ್ಲಿ ಸಾಮಾನ್ಯವಾಗಿ ಇಂಥ ಗೂಡಿರುವುದಿಲ್ಲ, ಪೊರೆಹುಳುವಿನ, ಅಂದರೆ ಮರಿಹುಳು ಚಿಟ್ಟೆಯಾಗುವ ನಡುವಿನ ಹಂತದ, ಗಟ್ಟಿ ಹೊರಪದರವೇ ಕಾಣುತ್ತದೆ.

ಹೋಲಿಕೆಗಳು ಮಗುವಿನ ಕೈಗೆಟಕಬೇಕು. ಜಗತ್ತಿನ ಅತಿ ಪುಟ್ಟ ಬಾವಲಿಗಳಲ್ಲಿ ಒಂದಾದ ಕಿಟ್ಟಿ ಬಾವಲಿ ಸುಮಾರು 2 ಗ್ರಾಂ ತೂಗುತ್ತದೆ. 2 ಗ್ರಾಂ ಎಂದರೆ ಮಗುವಿಗೆ ಏನೂ ಅಲ್ಲ. ಮಾಮೂಲಿ ಎ4 ಹಾಳೆ ಸುಮಾರು 5 ಗ್ರಾಂ ಇರುತ್ತದೆ. “ಹಾಳೆಯನ್ನು ಅರ್ಧಕ್ಕೆ ಹರಿದು ಅಂಗೈ ಮೇಲಿಡು, ಈ ಬಾವಲಿ ಅದಕ್ಕಿಂತಲೂ ಹಗುರ” ಎಂದರೆ ಅದಕ್ಕೆ ತೂಕ ತಿಳಿಯುತ್ತದೆ. ಹೋಲಿಕೆ ಮನಸೆಳೆಯುತ್ತದೆಂದು ನಿಜವನ್ನು ಹಿಗ್ಗಿಸಬೇಡಿ. ನೀಲಿ ತಿಮಿಂಗಿಲದ ಹೃದಯ ಕಾರಿನಷ್ಟು ದೊಡ್ಡದು ಎಂದು ಬಹಳ ಕಾಲದಿಂದ ಬರೆಯುತ್ತ ಬಂದಿದ್ದಾರೆ. ಕೆನಡಾದ ರಾಯಲ್ ಒಂಟಾರಿಯೊ ವಸ್ತುಸಂಗ್ರಹಾಲಯದವರು ಸತ್ತ ತಿಮಿಂಗಿಲವೊಂದರ ಹೃದಯವನ್ನು ಹೊರತೆಗೆದು ಸಂರಕ್ಷಿಸಿದರು. ಅದರ ತೂಕ ಸುಮಾರು 180 ಕಿಲೋಗ್ರಾಂ. ಇಬ್ಬರು ಮೂವರು ದೊಡ್ಡವರ ತೂಕದ ಹೃದಯ! ಇದಕ್ಕೆ ಕಾರು ಯಾಕೆ ಬೇಕು?

ಇನ್ನು ಉದ್ದೇಶದ ಭಾಷೆ. “ಎತ್ತರದ ಎಲೆ ತಿನ್ನಲೆಂದು ಜಿರಾಫೆ ಕತ್ತು ಉದ್ದ ಮಾಡಿಕೊಂಡಿತು” ಎಂಬಂಥ ಸಾಲು ನಮಗರಿವಿಲ್ಲದೆ ನುಸುಳುತ್ತದೆ. ಯಾವ ಜಿರಾಫೆಯೂ ಕತ್ತು ಬೆಳೆಸಲು ತೀರ್ಮಾನಿಸಲಿಲ್ಲ. ಒಂದು ಪೀಳಿಗೆಯಲ್ಲಿ ಜೀವಿಗಳು ಸ್ವಲ್ಪ ಸ್ವಲ್ಪ ಬೇರೆಯಾಗಿ ಹುಟ್ಟುತ್ತವೆ, ಆ ಜಾಗಕ್ಕೆ ಹೊಂದುವ ಗುಣವಿದ್ದವು ಹೆಚ್ಚು ಮರಿಗಳನ್ನು ಉಳಿಸುತ್ತವೆ, ಆ ಗುಣ ಮುಂದಿನ ಪೀಳಿಗೆಯಲ್ಲಿ ಹೆಚ್ಚುತ್ತದೆ. ಇಷ್ಟನ್ನು ಪ್ರತಿ ಸಲ ವಿವರಿಸಲಾಗುವುದಿಲ್ಲ, ನಿಜ. ಆಗ “ಉದ್ದ ಕತ್ತಿನಿಂದ ಜಿರಾಫೆಗೆ ಎತ್ತರದ ಎಲೆ ಸಿಗುತ್ತದೆ” ಎಂದರೆ ಸಾಕು. ಉಪಯೋಗ ಹೇಳಿ, ಉದ್ದೇಶ ಹೊರಿಸಬೇಡಿ.

ಕ್ರೂರ ಹುಲಿ, ಹೇಡಿ ಕತ್ತೆಕಿರುಬ, ಪಾಪದ ಜಿಂಕೆ ಎಂಬ ವಿಶೇಷಣಗಳನ್ನೂ ಬಿಡಿ. ಚುಕ್ಕೆ ಕತ್ತೆಕಿರುಬ ತನ್ನ ಆಹಾರದ ಬಹುಪಾಲನ್ನು ತಾನೇ ಬೇಟೆಯಾಡುತ್ತದೆಂದು ತಿಳಿದಾಗ ಮಗುವಿಗಾಗುವ ಅಚ್ಚರಿಯನ್ನು ಆ ಒಂದು “ಹೇಡಿ” ಮೊದಲೇ ಕೊಂದಿರುತ್ತದೆ.

ಸಾವು, ಬೇಟೆ, ಸಂತಾನ ಇವನ್ನು ಮುಚ್ಚಿಡಬೇಕೇ ಎಂದು ಹಲವರು ಕೇಳುತ್ತಾರೆ. ಬೇಡ. “ಬಾವಲಿ ಪತಂಗವನ್ನು ಹಿಡಿದು ತಿಂದಿತು” ಎಂಬ ನೇರ ವಾಕ್ಯವನ್ನು ಮಕ್ಕಳು ಸಹಜವಾಗಿ ಸ್ವೀಕರಿಸುತ್ತಾರೆ. ರಕ್ತದ ವರ್ಣನೆ ಅವರಿಗೆ ಬೇಕಾಗಿಲ್ಲ. ಸ್ಪಲಾಂಝಾನಿಯ ವಿಷಯ ಇನ್ನೂ ಸೂಕ್ಷ್ಮ, ಏಕೆಂದರೆ ಆತ ಬಾವಲಿಗಳನ್ನು ಕುರುಡು ಮಾಡಿದ್ದರು. 7 ವರ್ಷದವರಿಗೆ “ಕಣ್ಣು ಕಾಣದ ಬಾವಲಿಗಳು” ಎಂದು ಬರೆದು, ದೊಡ್ಡ ಮಕ್ಕಳ ಪುಸ್ತಕದಲ್ಲಿ ಇಂಥ ಪ್ರಯೋಗಗಳಿಗೆ ಇಂದು ಕಟ್ಟುನಿಟ್ಟಿನ ನಿಯಮಗಳಿವೆ ಎಂದು ಸೇರಿಸುವುದು ಸರಿ ಎಂದು ನನಗನ್ನಿಸುತ್ತದೆ. ವಿವರ ಕಡಿಮೆ ಮಾಡಬಹುದು, ಸುಳ್ಳು ಹೇಳುವಂತಿಲ್ಲ.

6. ಚಿತ್ರವೂ ಒಂದು ಹೇಳಿಕೆ

ಮಗು ಪಠ್ಯಕ್ಕಿಂತ ಮೊದಲು ಚಿತ್ರ ಓದುತ್ತದೆ. ಆದ್ದರಿಂದ ಚಿತ್ರದಲ್ಲಿನ ತಪ್ಪು ಪಠ್ಯದ ತಪ್ಪಿಗಿಂತ ಆಳಕ್ಕಿಳಿಯುತ್ತದೆ. ಚಿತ್ರಕಾರರಿಗೆ “ಒಂದು ಬಾವಲಿ” ಎಂದಷ್ಟೇ ಹೇಳಿದರೆ ಕೊಡೆಯ ಕಡ್ಡಿಗಳಂಥ ರೆಕ್ಕೆ ಬರುತ್ತದೆ. ಬಾವಲಿಯ ರೆಕ್ಕೆ ಎಂದರೆ ಕೈ: ನೀಳವಾದ ನಾಲ್ಕು ಬೆರಳುಗಳ ನಡುವೆ ಹಿಗ್ಗಿದ ತೊಗಲು, ಮೇಲೆ ಬಿಡಿಯಾಗಿ ನಿಂತ ಪುಟ್ಟ ಹೆಬ್ಬೆರಳು. ಕೀಟ ಹಿಡಿಯುವ ಬಾವಲಿಗೆ ಹೆಚ್ಚಾಗಿ ದೊಡ್ಡ ಕಿವಿ, ಸಣ್ಣ ಕಣ್ಣು. ಹಣ್ಣು ತಿನ್ನುವ ದೊಡ್ಡ ಬಾವಲಿಗೆ ದೊಡ್ಡ ಕಣ್ಣು, ಸಾದಾ ಕಿವಿ. ಯಾವ ಪ್ರಭೇದ, ಎಲ್ಲಿ ವಾಸ, ಪಕ್ಕದಲ್ಲಿ ಯಾವ ಗಿಡ ಇರಬಹುದು ಎಂಬ ಟಿಪ್ಪಣಿಯನ್ನೂ ನಾಲ್ಕಾರು ಕೋನಗಳ ಛಾಯಾಚಿತ್ರಗಳನ್ನೂ ಚಿತ್ರಕಾರರಿಗೆ ಕೊಡಿ.

ಕರಡು ಚಿತ್ರ ಬಂದಾಗ ಎಣಿಸಿ ನೋಡಿ. ಕೀಟದ ಆರು ಕಾಲುಗಳೂ ರೆಕ್ಕೆಗಳೂ ಎದೆಭಾಗಕ್ಕೆ ಅಂಟಿವೆಯೇ? ಜೇನಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ ಇವೆಯೇ? ಉತ್ತರ ಧ್ರುವದ ಹಿಮಕರಡಿಯ ಪಕ್ಕದಲ್ಲಿ ಪೆಂಗ್ವಿನ್ ಬಂದು ನಿಂತಿಲ್ಲ ತಾನೇ? ಪುಟವಿನ್ಯಾಸದ ಕೊನೆಯ ಗಳಿಗೆಯಲ್ಲಿ ಒಂದು ಅಪಾಯ ಕಾದಿರುತ್ತದೆ: ಅಂದ ಹೊಂದಲೆಂದು ಚಿತ್ರವನ್ನು ಎಡಬಲ ತಿರುಗಿಸುವುದು. ಬಸವನಹುಳುಗಳಲ್ಲಿ ಬಹುಪಾಲಿನ ಚಿಪ್ಪು ಬಲಸುಳಿಯದು. ಚಿತ್ರ ತಿರುಗಿಸಿದರೆ ಎಡಸುಳಿಯಾಗುತ್ತದೆ. ನನ್ನದೇ ಒಂದು ಪುಸ್ತಕದಲ್ಲಿ ಇದು ಅಚ್ಚಾಗಿ ಬಂದ ಮೇಲೆ ಗೊತ್ತಾಯಿತು. ಅಂದಿನಿಂದ ಅಂತಿಮ ಪುಟಗಳನ್ನು ನೋಡದೆ ಅಚ್ಚಿಗೆ ಒಪ್ಪಿಗೆ ಕೊಡುವುದಿಲ್ಲ.

ಛಾಯಾಚಿತ್ರ ಬಳಸುವುದಾದರೆ ಹಕ್ಕು ನೋಡಿ. ಕ್ರಿಯೇಟಿವ್ ಕಾಮನ್ಸ್ ಎಂಬುದು ಚಿತ್ರದ ಒಡೆಯರು ಮುಂಚಿತವಾಗಿಯೇ ಕೊಟ್ಟ ಬಳಕೆಯ ಅನುಮತಿ. ಅದರಲ್ಲೂ ಬಗೆಗಳಿವೆ, “ವಾಣಿಜ್ಯೇತರ ಬಳಕೆಗೆ ಮಾತ್ರ” ಎಂದಿದ್ದರೆ ಮಾರಾಟದ ಪುಸ್ತಕಕ್ಕೆ ಅದು ಸಲ್ಲದು.

7. ತಜ್ಞರಿಗೆ ತೋರಿಸಿ, ಮಕ್ಕಳಿಗೆ ಓದಿ

“ಒಮ್ಮೆ ನೋಡಿಕೊಡಿ” ಎಂದು ತಜ್ಞರಿಗೆ ಕಳುಹಿಸಿದರೆ “ಚೆನ್ನಾಗಿದೆ” ಎಂಬ ಉತ್ತರ ಬರುತ್ತದೆ. ಬದಲಿಗೆ ಹತ್ತು ಪ್ರಶ್ನೆ ಕೇಳಿ: 9ನೆಯ ಪುಟದ ಹೋಲಿಕೆ ಎಲ್ಲಾದರೂ ದಾರಿ ತಪ್ಪಿಸುತ್ತದೆಯೇ, ಈ ಸಂಖ್ಯೆ ಈಗಲೂ ಒಪ್ಪಿತವೇ, ಚಿತ್ರದಲ್ಲಿನ ಬಾವಲಿಯನ್ನು ನೀವು ಯಾವ ಪ್ರಭೇದ ಎನ್ನುತ್ತೀರಿ? ಚಿತ್ರಗಳ ಜೊತೆಗೇ ಕಳುಹಿಸಿ.

ಮಕ್ಕಳಿಗೆ ಓದುವಾಗ “ಇಷ್ಟವಾಯಿತೇ?” ಎಂದು ಕೇಳಬೇಡಿ, ನಿಮ್ಮ ಮನಸ್ಸು ನೋಯಬಾರದೆಂದು ಹೌದು ಎನ್ನುತ್ತಾರೆ. ಪುಸ್ತಕ ಮುಚ್ಚಿ, “ಬಾವಲಿ ಕತ್ತಲಲ್ಲಿ ಹೇಗೆ ಹಾರುತ್ತದೆ, ನನಗೆ ಹೇಳಿಕೊಡು” ಎನ್ನಿ. ಮಗು ಎಲ್ಲಿ ತಡವರಿಸುತ್ತದೋ ಅಲ್ಲಿ ತಿದ್ದಬೇಕಾದದ್ದು ನಿಮ್ಮ ಸಾಲು. ಓದುವಾಗ ಎಲ್ಲಿ ಆಕಳಿಸಿತು, ಎಲ್ಲಿ ಮಧ್ಯೆ ಬಾಯಿ ಹಾಕಿ ಪ್ರಶ್ನೆ ಕೇಳಿತು ಎಂದೂ ಗುರುತು ಹಾಕಿಕೊಳ್ಳಿ.

8. ಪ್ರಕಾಶಕರ ಬಳಿಗೆ

ಚಿತ್ರಪುಸ್ತಕಕ್ಕೆ ಪೂರ್ತಿ ಪಠ್ಯ, ದೊಡ್ಡ ಪುಸ್ತಕಕ್ಕೆ ಅಧ್ಯಾಯಗಳ ರೂಪರೇಷೆ ಮತ್ತು ಒಂದೆರಡು ಮಾದರಿ ಅಧ್ಯಾಯ. ಜೊತೆಗೆ ಒಂದು ಪುಟದ ಪತ್ರ: ಯಾವ ವಯಸ್ಸಿಗೆ, ಯಾವ ಪ್ರಶ್ನೆ, ಇದೇ ಪ್ರಾಣಿಯ ಬಗ್ಗೆ ಈಗಾಗಲೇ ಇರುವ ಪುಸ್ತಕಗಳಿಗಿಂತ ಇದು ಹೇಗೆ ಬೇರೆ. ಆಧಾರಗಳ ಪಟ್ಟಿಯನ್ನೂ ತಜ್ಞರು ನೋಡಿದ್ದಾರೆಂಬ ಮಾತನ್ನೂ ಸೇರಿಸಿ. ಸಂಪಾದಕರಿಗೆ ಅದರಿಂದ ಧೈರ್ಯ ಬರುತ್ತದೆ. ಚಿತ್ರಕಾರರನ್ನು ಸಾಮಾನ್ಯವಾಗಿ ಪ್ರಕಾಶಕರೇ ಆರಿಸುತ್ತಾರೆ. ನೀವೇ ಹಣ ಕೊಟ್ಟು ಎಲ್ಲ ಚಿತ್ರ ಬರೆಯಿಸಿ ಕಳುಹಿಸಬೇಕಾಗಿಲ್ಲ. ಆದರೆ ಕರಡು ಚಿತ್ರ ಮತ್ತು ಅಂತಿಮ ಪುಟಗಳನ್ನು ನೀವು ಪರಿಶೀಲಿಸುತ್ತೀರಿ ಎಂಬ ಸಾಲು ಒಪ್ಪಂದದಲ್ಲಿರಲಿ, ಅದನ್ನು ಬಿಟ್ಟುಕೊಡಬೇಡಿ.

ಪುಸ್ತಕ ಹೊರಬಂದ ದಿನವೇ “ಮರುಮುದ್ರಣಕ್ಕೆ” ಎಂದು ಹೊಸ ಕಡತ ತೆರೆಯಿರಿ. ಓದುಗರು ತೋರಿಸಿದ ತಪ್ಪು, ಬದಲಾದ ವೈಜ್ಞಾನಿಕ ಹೆಸರು, ಕೆಂಪು ಪಟ್ಟಿಯಲ್ಲಿ ಮೇಲೆ ಕೆಳಗೆ ಸರಿದ ಪ್ರಭೇದ ಎಲ್ಲವನ್ನೂ ಪುಟಸಂಖ್ಯೆಯೊಡನೆ ಅದರಲ್ಲಿ ಬರೆಯುತ್ತ ಹೋಗಿ. ಮರುಮುದ್ರಣದ ಸುದ್ದಿ ಬಂದಾಗ ತಿದ್ದಲು ಸಿಗುವುದು ಹೆಚ್ಚೆಂದರೆ ಕೆಲವು ದಿನ. ಆಗ ಆ ಕಡತ ಸಿದ್ಧವಾಗಿರಬೇಕು.